ಅವನ ಕೋಶಗಳನ್ನು ಮುಟ್ಟದವಳು

ಮೊದಲ ದಿನವೇ ಅವಳು ತಪ್ಪು ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು.

ಜೀನ್ ಚಿಕಿತ್ಸೆಯ ಲ್ಯಾಬಿನಿಂದ ರಕ್ತದ ಸ್ಯಾಂಪಲ್‌ಗೆಂದು ವಾರ್ಡಿಗೆ ಇಳಿದು ಬಂದಿದ್ದಳು. ಒರಗು ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕಣ್ಣುಮುಚ್ಚಿ ಮಲಗಿದ್ದರು. ಪಕ್ಕದ ಸ್ಟೂಲಿನಲ್ಲಿ ಮೂವತ್ತರ ಆಸುಪಾಸಿನವನೊಬ್ಬ ಹರಿದ ಪುಸ್ತಕಕ್ಕೆ ದಾರ ಹಾಕಿ ಹೊಲಿಯುತ್ತ ಕೂತಿದ್ದ. ಹೆಂಗಸಿನ ತೋಳಲ್ಲಿ ಅವಳು ನರ ಹುಡುಕುತ್ತಿದ್ದಾಗ ಅವನು ತಲೆಯೆತ್ತದೆ ಹೇಳಿದ:

“ಅದು ನಮ್ಮ ಚಿಕ್ಕಮ್ಮ, ಮೇಡಂ. ಅವರಲ್ಲಿ ರಕ್ತಕ್ಕೂ ಕೊರತೆ ಇಲ್ಲ, ಕೋಪಕ್ಕೂ ಇಲ್ಲ. ಕೊರತೆ ಇರೋದು ಈ ಕಡೆ.”

ಪ್ರತಿ ಬಾರ್‌ಕೋಡನ್ನು ಎರಡೆರಡು ಸಲ ಓದುವವಳು, ಕೈಯಲ್ಲಿ ರೋಗಿಯ ಹೆಸರುಪಟ್ಟಿ ಇದೆಯೇ ಎಂದೇ ನೋಡಿರಲಿಲ್ಲ. ಮುಖದ ಕೆಂಪು ಮಾಸ್ಕನ್ನೂ ದಾಟಿ ಮೇಲೇರಿತು. ಅವನು ಅದನ್ನು ಸಾವಕಾಶವಾಗಿ ನೋಡಿದ.

“ಅದರಲ್ಲಿ ಸ್ವಲ್ಪ ನನಗೆ ಕೊಟ್ಟಿದ್ರೆ, ಈ ತಿಂಗಳು ನಾನು ಬರೋದೇ ಬೇಕಿರಲಿಲ್ಲ.”

ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಒಂಬತ್ತು ತಿಂಗಳ ಕೂಸಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ಯಾರದೋ ರಕ್ತ ಏರಿಸಿಕೊಂಡು ಬದುಕಿದವನು. ಗುರುತಿಲ್ಲದ ನೂರಾರು ಜನ ನನ್ನೊಳಗೆ ಓಡಾಡಿದ್ದಾರೆ, ಹಾಗಾಗಿ ಯಾರ ಮೇಲೂ ಜಗಳಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ ಎನ್ನುತ್ತಿದ್ದ. ತಾಯಿ ಹೋದ ಮೇಲೆ ಸಾಕಿದ ಚಿಕ್ಕಮ್ಮ ಮಾತ್ರ ಅವನ ಪಾಲಿನ ಜಗಳವನ್ನೂ ತಾವೇ ಆಡುತ್ತಿದ್ದರು.

ಹೊಸ ಚಿಕಿತ್ಸೆಯನ್ನು ಅವಳು ಅವನಿಗೆ ಬಿಡಿಸಿ ಹೇಳಿದಳು. ತಾಯಿಯ ಹೊಟ್ಟೆಯಲ್ಲಿರುವಾಗ ಶಿಶುವಿಗೆ ಬೇರೆಯೇ ಹಿಮೋಗ್ಲೋಬಿನ್. ಹುಟ್ಟಿದ ಕೆಲವು ತಿಂಗಳಿಗೆ ಒಂದು ಸ್ವಿಚ್ಚು ಅದನ್ನು ಆರಿಸುತ್ತದೆ. ಆಮೇಲೆ ಬರಬೇಕಾದದ್ದು ಅವನಲ್ಲಿ ಸರಿಯಾಗಿ ಬರಲೇ ಇಲ್ಲ. ರಕ್ತ ಹುಟ್ಟಿಸುವ ಅವನವೇ ಕಾಂಡಕೋಶಗಳನ್ನು ಹೊರತೆಗೆದು, ಅವುಗಳ ಜೀನಿನಲ್ಲಿ ಆ ಸ್ವಿಚ್ಚಿರುವ ಜಾಗವನ್ನಷ್ಟೇ ಕತ್ತರಿಸಿ, ಮರಳಿ ಮೈಗೆ ಸೇರಿಸಬೇಕು.

ಪದ್ಯ ಕೇಳುವವನ ಹಾಗೆ ಕತ್ತು ವಾಲಿಸಿ ಕೇಳಿದ. “ಅಂದ್ರೆ ಹೊಸದೇನೂ ಹಾಕಲ್ಲ. ಮೈ ಮರೆತದ್ದನ್ನ ಮೈಗೇ ನೆನಪು ಮಾಡ್ತೀರಿ.”

ಎಂಟು ವರ್ಷ ಅದೇ ಕೆಲಸ ಮಾಡಿದ್ದ ಅವಳಿಗೆ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಆಮೇಲೆ ಸ್ಯಾಂಪಲ್‌ಗೆ ಬೇರೆಯವರು ಸಾಕಾಗಿದ್ದರೂ ಅವಳೇ ಇಳಿದು ಬರತೊಡಗಿದಳು. ಮಾಸ್ಕಿನಿಂದ ಹೊರಗುಳಿಯುವುದು ಕಣ್ಣಷ್ಟೇ. ಅದರ ಅಂಚಿನ ಗೆರೆ ಎಷ್ಟು ಮಡಿಸಿಕೊಂಡಿತೆಂಬುದರ ಮೇಲೆ ಒಳಗಿನ ನಗುವಿನ ಅಳತೆ ಹೇಳಲು ಅವನು ಕಲಿತ. ಅವನು ಸೂಜಿಗೆ ದಾರ ಪೋಣಿಸುವಾಗ ಉಸಿರು ಬಿಗಿಹಿಡಿಯುತ್ತಾನೆ, ಜೊತೆಗೆ ತನ್ನ ಉಸಿರೂ ನಿಲ್ಲುತ್ತದೆ ಎಂದು ಅವಳು ಕಂಡುಕೊಂಡಳು.

ಮದುವೆಯ ಮಾತೆತ್ತಿದರೆ ಅವನು ಏನೆನ್ನುತ್ತಾನೆಂದು ಚಿಕ್ಕಮ್ಮ ಒಮ್ಮೆ ಹೇಳಿದ್ದರು: ಸಾಲದ ರಕ್ತದಲ್ಲಿ ಬದುಕುವವನು ಇನ್ನೊಬ್ಬರ ಮನೆಮಗಳನ್ನು ಕೇಳಬಾರದಂತೆ.

ಕೋಶಗಳನ್ನು ತೆಗೆದ ಮರುದಿನ ಅವಳು ಅವುಗಳ ಜೀನನ್ನು ಕತ್ತರಿಸಬೇಕಿತ್ತು. ಚೀಲದ ಮೇಲೆ ಹೆಸರಿಲ್ಲ, ಬರೀ ನಂಬರು. ಆದರೆ ಆ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಕೈಗವಸು ಕಳಚಿಟ್ಟು, ಹೊರಗೆ ಬಂದು ಲ್ಯಾಬಿನ ಮುಖ್ಯಸ್ಥೆಯ ಮುಂದೆ ನಿಂತಳು. ರೋಗಿ ತನ್ನವನಾದರೆ ಅವನ ಕೋಶ ಮುಟ್ಟುವಂತಿಲ್ಲ, ಕೋಶಗಳು ಅವನ ಮೈಸೇರುವವರೆಗೆ ವಾರ್ಡಿಗೂ ಹೋಗುವಂತಿಲ್ಲ. ಇದು ಅಲ್ಲಿಯ ಕಟ್ಟಳೆ. ಅದಕ್ಕೊಂದು ಫಾರ್ಮು. ‘ರೋಗಿಯೊಂದಿಗಿನ ಸಂಬಂಧ’ ಎಂಬಲ್ಲಿ ಅವಳು ಬಹಳ ಹೊತ್ತು ಯೋಚಿಸಿ ಬರೆದಳು: ‘ಇನ್ನೂ ಅವರಿಗೆ ಹೇಳಿಲ್ಲ.’

ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಸಹಿ ಹಾಕಿದರು.

ಕತ್ತರಿಸುವ ಕೆಲಸ ಸಹೋದ್ಯೋಗಿಯ ಕೈಯಲ್ಲಿ ಚೆನ್ನಾಗಿಯೇ ಆಯಿತು. ಕೋಶಗಳ ಪರೀಕ್ಷೆಗೇ ವಾರಗಳು ಹಿಡಿದವು. ಅಷ್ಟೂ ದಿನ ವಾರ್ಡಿಗೆ ಬೇರೆ ಕಣ್ಣುಗಳು ಬಂದವು. ಅವನು ತನ್ನಷ್ಟಕ್ಕೇ ಅರ್ಥ ಕಟ್ಟಿಕೊಂಡ: ಸೂಕ್ಷ್ಮದರ್ಶಕದಲ್ಲಿ ಅವಳು ನೋಡಬಾರದ್ದನ್ನು ನೋಡಿದ್ದಾಳೆ, ಹೇಳಲಾರದೆ ತಪ್ಪಿಸಿಕೊಳ್ಳುತ್ತಿದ್ದಾಳೆ. ಮೂಳೆಯೊಳಗಿನ ಹಳೆಯ ಮಜ್ಜೆಯನ್ನು ಬರಿದು ಮಾಡುವ ಕಡುಮದ್ದು ಶುರುವಾಗುವ ದಿನ, ಬೇಡ, ಮನೆಗೆ ಹೋಗುತ್ತೇನೆ ಎಂದುಬಿಟ್ಟ.

ಚಿಕ್ಕಮ್ಮ ನೇರ ಲ್ಯಾಬಿನ ಬಾಗಿಲಿಗೇ ಬಂದರು. “ಏನಮ್ಮ, ಅವನ ಕೋಶ ಕೆಟ್ಟಿದ್ಯಾ? ಇಲ್ಲಾ ನಿನ್ನ ಮನಸ್ಸು ಕೆಟ್ಟಿದ್ಯಾ? ಎರಡರಲ್ಲೊಂದು ಹೇಳು.”

ಅವಳು ಒಳಗೆ ಹೋಗಿ ಫಾರ್ಮಿನ ನಕಲು ತಂದು ಅವರ ಕೈಗಿಟ್ಟಳು. ಚಿಕ್ಕಮ್ಮ ನಿಂತಲ್ಲೇ ಓದಿ, ಸೆರಗಿನಿಂದ ಕಣ್ಣೊರೆಸಿ, ಅದನ್ನು ನಾಲ್ಕಾಗಿ ಮಡಚಿ ತೆಗೆದುಕೊಂಡು ಹೋದರು.

ಆ ಸಂಜೆ ಅವನು ಕಡುಮದ್ದಿಗೆ ತೋಳು ಚಾಚಿದನೆಂದು ನರ್ಸ್ ಬಂದು ತಿಳಿಸಿದಳು. ಇನ್ನೊಂದು ಕೈಯಲ್ಲಿ ಅದೇನೋ ಕಾಗದ ಹಿಡಿದಿದ್ದನಂತೆ, ಎಷ್ಟು ಕೇಳಿದರೂ ಬಿಡಲಿಲ್ಲವಂತೆ.

ಕೋಶಗಳು ಮೈಸೇರಿದ ಮರುದಿನದಿಂದ ಅವಳು ಗಾಜಿನಾಚೆ ನಿಂತಳು. ಅವನ ಕೂದಲು ಹೋಗಿತ್ತು, ಬಾಯೆಲ್ಲ ಹುಣ್ಣು, ಮಾತಿರಲಿಲ್ಲ. ದೇವರೇ, ನಾವು ಮುಟ್ಟಿದ್ದು ಒಂದೇ ಒಂದು ಜಾಗ, ಉಳಿದದ್ದೆಲ್ಲ ನಿನ್ನದು ಎಂದು ಅವಳು ದಿನವೂ ಒಳಗೊಳಗೇ ಹೇಳಿಕೊಂಡಳು. ಇಪ್ಪತ್ತೇಳನೆಯ ದಿನ ಹೊಸ ಬಿಳಿರಕ್ತಕಣಗಳು ಚಿಗುರಿದವು. ಆಮೇಲೆ ಮೂರು ವಾರ ಕಳೆಯಿತು, ರಕ್ತ ಬೇಕಾಗಲಿಲ್ಲ. ಆರು ವಾರ, ಬೇಕಾಗಲಿಲ್ಲ. ಆರನೆಯ ತಿಂಗಳ ವರದಿಯಲ್ಲಿ ಹಿಮೋಗ್ಲೋಬಿನ್ ಹನ್ನೆರಡೂವರೆ! ಡಾಕ್ಟರು ಎದ್ದುನಿಂತು ಅವನ ಕೈ ಕುಲುಕಿದರು.

ಅದನ್ನು ನಾಲ್ಕನೆಯ ಮಹಡಿಯ ಮುಖ್ಯಸ್ಥೆಗೆ ಹೇಳಲು ಇಬ್ಬರೂ ಹೊರಟರು. ಲಿಫ್ಟಿನ ಮುಂದೆ ಜನವೋ ಜನ. ಅವನು ಮೆಟ್ಟಿಲು ಹತ್ತಿದ. ಎರಡೆರಡು ಮೆಟ್ಟಿಲು. ಮೂರನೆಯ ಮಹಡಿಯ ತಿರುವಿನಲ್ಲಿ ನಿಂತು, ಏದುಸಿರು ಬಿಡುತ್ತ ಬರುತ್ತಿದ್ದವಳನ್ನು ಕಾದ.

“ಫಾರ್ಮಿನಲ್ಲಿ ಬರೆದದ್ದನ್ನ ಬಾಯಲ್ಲಿ ಇನ್ನೂ ಹೇಳಿಲ್ಲ ನೀನು” ಎಂದ. ಮೊದಲ ಸಲ ‘ನೀನು’ ಎಂದಿದ್ದ.

“ಮೊದಲು ನೀನು ಕೇಳು.”

“ಹದಿನೈದು ವರ್ಷ ತಪಾಸಣೆಗೆ ಬರಬೇಕಂತೆ. ಮುಂದೆ ಹೇಗೋ ಏನೋ, ಯಾರಿಗೂ ಪೂರ್ತಿ ಗೊತ್ತಿಲ್ಲವಂತೆ. ಜೊತೆಗೆ ಬರ್ತೀಯಾ?”

“ಬರ್ತೀನಿ. ಹದಿನಾರನೇ ವರ್ಷವೂ ನಿನ್ನ ಬಿಡಲ್ಲ.”

ಅವನು ಕೈ ನೀಡಿದ. ಬೆಚ್ಚಗಿದ್ದ ಆ ಅಂಗೈಯಲ್ಲಿ ಅವನ ಸ್ವಂತ ರಕ್ತ ಓಡುತ್ತಿತ್ತು. ಉಳಿದ ಮೆಟ್ಟಿಲುಗಳನ್ನು ಅವನೇ ಅವಳನ್ನು ಎಳೆದುಕೊಂಡು ಹತ್ತಿದ.