ಲೋಹಿತನ ಹೆಸರಿನ ಚೌಕ

ವಿದ್ಯಾಶ್ರೀ ಮಾಡಿದ ಕೆಲಸಕ್ಕೆ ಲೋಹಿತನಿಗೆ ಶಾಲು ಹೊದಿಸಿದರು. ಸವಣೂರಿನಲ್ಲಿ, ಬೀಜದ ವ್ಯಾಪಾರಿಗಳ ಸಭೆಯಲ್ಲಿ. ಆಕೆಗೆ ಬಾಗಿಲ ಹೊರಗೆ, ಚಪ್ಪಲಿ ಬಿಡುವ ಕಡೆ ಕುರ್ಚಿ ಹಾಕಿದ್ದರು.

ಹಿರೇಕೆರೂರಿನ ಕರಬಸಪ್ಪ ಸಾವ್ಕಾರರ ಗೋವಿನಜೋಳದ ಬೀಜದ ಕಂಪನಿಯಲ್ಲಿ ಆಕೆಗೆ ನೌಕರಿ. ಲೋಹಿತ ಸಾವ್ಕಾರರ ಅಳಿಯ, ಅಲ್ಲಿಯ ಮ್ಯಾನೇಜರ್. ಆಕೆ ಬರುವ ಮುಂಚೆ ಆರ್ಡರ್ ಅಂದರೆ ಫೋನು, ಕೂಗಾಟ, ದಾರಿ ತಪ್ಪಿದ ಲಾರಿ. ಆಕೆ ಬಂದು ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಚೌಕ ಇಟ್ಟಳು, ಚೌಕದಿಂದ ಚೌಕಕ್ಕೆ ಗೆರೆ ಎಳೆದಳು. ವ್ಯಾಪಾರಿ ವಾಟ್ಸಾಪಿನಲ್ಲಿ ಕಳಿಸಿದ ಬೇಡಿಕೆ ಮೊದಲ ಚೌಕಕ್ಕೆ ಬೀಳುತ್ತದೆ. ಮುಂದಿನದು ಗೋದಾಮಿನಲ್ಲಿ ಮಾಲು ಐತೋ ಇಲ್ಲೋ ನೋಡುತ್ತದೆ. ಅದರ ಮುಂದಿನದು ಲೋಹಿತನ ಫೋನಿಗೆ ಹೋಗಿ ಒಪ್ಪಿಗೆ ಕೇಳುತ್ತದೆ. ಅವನು ಒತ್ತಿದನೆಂದರೆ ಕೊನೆಯ ಚೌಕ ಲಾರಿ ಡ್ರೈವರನಿಗೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಯಾರೂ ಕೂಗಬೇಕಿಲ್ಲ. ಹಾನಗಲ್ಲಿನಿಂದ ಶಿಗ್ಗಾಂವಿಯ ತನಕ ಬೀಜ ತಾನಾಗಿಯೇ ಹರಿಯಿತು.

"ರಂಗೋಲಿ ಹಾಕೂದ ಮುಗೀತೇನು?" ಎಂದು ಲೋಹಿತ ಹೋಗಿಬರುವಾಗ ಕೇಳುತ್ತಿದ್ದ. ಸಭೆಯಲ್ಲಿ ಮಾತ್ರ ಮೈಕು ಹಿಡಿದು, "ನಿದ್ದಿ ಕೆಟ್ಟು ಕಟ್ಟೇನ್ರಿ ಇದನ್ನ" ಅಂದ.

ಆಕೆ ಮಾಸೂರಿನ ಮಂಜವ್ವನ ಮಗಳು. ಹಿರೇಕೆರೂರಿನಲ್ಲಿ ಬಾಡಿಗೆ ಖೋಲಿ ಕೇಳಿದ ಕಡೆಯೆಲ್ಲ "ಯಾವ ಪೈಕಿ?" ಎಂದು ಜಾತಿ ವಿಚಾರಿಸಿ ಬಾಗಿಲು ಮುಂದೆ ಮಾಡಿದ್ದರು. ಆಫೀಸಿನಲ್ಲಿ ಯಾರೂ ಹಾಗೆ ಕೇಳಲಿಲ್ಲ, ಕೇಳದೆಯೇ ಗೊತ್ತು ಮಾಡಿಕೊಂಡಿದ್ದರು. ಮೊದಲ ದಿನವೇ ಸಾವ್ಕಾರರು, "ನಿನಗ ಚಾಕ್ಕ ಬ್ಯಾರೆ ಕಪ್ಪು ಹೇಳೇನಿ ತಂಗಿ. ದಿನಾ ಹೊಸಾದು, ಸ್ವಚ್ಛ ಇರತೈತಿ" ಎಂದು ಅಂತಃಕರಣದಿಂದಲೇ ಹೇಳಿದ್ದರು. ಚಾದಂಗಡಿಯ ಕರೀಮಸಾಬ ಉಳಿದವರಿಗೆ ಸ್ಟೀಲಿನ ಲೋಟಕ್ಕೆ ಚಾ ಬಗ್ಗಿಸುತ್ತಾನೆ, ಆಕೆಗೆ ಕಾಗದದ ಕಪ್ಪಿಗೆ. ಕುಡಿದ ಕಪ್ಪನ್ನು ಆಕೆಯೇ ಹೊರಗಿನ ಡಬ್ಬಿಗೆ ಒಗೆದು ಬರಬೇಕು. ಬೈದರೆ ತಿರುಗಿ ಬೈಯಬಹುದು. ನಗುತ್ತ ದೂರ ಇಟ್ಟವರನ್ನು ಏನು ಮಾಡುವುದು?

ಊಟದ ಹೊತ್ತಿಗೆ ಎಲ್ಲರೂ ಮನೆಗೆ ಹೋಗುತ್ತಾರೆ. ಆಕೆ ಬೀಜದ ಚೀಲಗಳ ಹಿಂದೆ ಕೂತು ಬುತ್ತಿ ಬಿಚ್ಚುತ್ತಾಳೆ. ಆ ಹೊತ್ತಿಗೇ ಅವ್ವನ ಫೋನು.

"ಅಲ್ಲೆ ಯಾರರ ಜೋಡಿ ಕುಂತು ಉಣ್ತಿಯೇನವಾ?"

"ಹೂಂ ಅವ್ವ. ಎಲ್ಲಾರ ಜೋಡಿ."

ಫೋನಿಟ್ಟ ಮೇಲೆ ಪರದೆಯ ಮುಂದೆ ಬಂದು ಕೂರುತ್ತಾಳೆ. ಅಲ್ಲಿ ಗೆರೆ ಎಳೆದರೆ ಸಾಕು, ಒಂದು ಚೌಕ ಇನ್ನೊಂದಕ್ಕೆ ಜೋಡಿಯಾಗುತ್ತದೆ. ಒಲ್ಲೆ ಅನ್ನುವುದಿಲ್ಲ.

ಶಾಲಿನ ಮರುದಿನದಿಂದ ಆಕೆಯ ತಲೆಯೊಳಗೆ ಇನ್ನೊಂದು ಚೌಕ ಬೆಳೆಯತೊಡಗಿತು. ಶಿಗ್ಗಾಂವಿಯಿಂದ ಬೇಡಿಕೆ ಬಂದರೆ, ಲಾರಿ ತಿಳವಳ್ಳಿಗೆ ಹೋಗಲಿ. ತಿಳವಳ್ಳಿಯಲ್ಲಿ ಲೋಹಿತನ ಅಣ್ಣನ ಗೋದಾಮಿದೆ. ಬಿತ್ತುವ ಹೊತ್ತಿನಲ್ಲಿ ಬೀಜ ತಾನಾಗಿ ಬಾಗಿಲಿಗೆ ಬಂದರೆ ಅಣ್ಣ ಯಾಕೆ ಎಂದು ಕೇಳುವವನಲ್ಲ, ಇಳಿಸಿಕೊಳ್ಳುವವನು. ಈ ಚೌಕ ಒಪ್ಪಿಗೆಗಿಂತ ಮುಂಚೆ ಕೂರಬೇಕು. ಆಗ ತಿಳವಳ್ಳಿ ಎಂಬ ಹೆಸರು ಲೋಹಿತನ ಫೋನಿಗೇ ಹೋಗುತ್ತದೆ. ಅವನು ಓದದೆ ಒತ್ತುತ್ತಾನೆ, ಯಾವತ್ತೂ ಓದಿದವನಲ್ಲ. ಓದದೆ ಒತ್ತಿದೆ ಎಂದು ಮಾವನ ಮುಂದೆ ಬಾಯಿ ಬಿಡುವ ಧೈರ್ಯವೂ ಅವನಿಗಿಲ್ಲ. ತಾನೇ ಕಟ್ಟಿದ್ದು ಎಂದು ಶಾಲು ಹೊದ್ದವನು. ಸಾವ್ಕಾರರೋ, ಬೀಜ ಕದ್ದನೆಂದು ಸ್ವಂತ ತಮ್ಮನ ಮೇಲೆ ಪೊಲೀಸ್ ಕೇಸು ಹಾಕಿದ ಮನುಷ್ಯ. ಅಳಿಯ ಯಾವ ಲೆಕ್ಕ?

ಯಾವ ಚೌಕವನ್ನು ಯಾರು ಸೇರಿಸಿದರು ಎಂದು ಪರದೆ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಅದು ಲೋಹಿತನ ಲ್ಯಾಪ್‌ಟಾಪಿನಿಂದಲೇ ಆಗಬೇಕು. ಪಾಸ್‌ವರ್ಡ್ ಮರೆಯುವ ಭಯಕ್ಕೆ ಅವನು ಅದನ್ನು ಮುಚ್ಚುವುದೇ ಇಲ್ಲ. ಅವನ ಖೋಲಿಗೆ ಆಕೆ ಒಂದು ದಿನವೂ ಕಾಲಿಟ್ಟವಳಲ್ಲ. ಏನು ಹೇಳುವುದಿದ್ದರೂ ಹೊಸ್ತಿಲ ಈಚೆ ನಿಂತು. ಅದೂ ಒಳ್ಳೆಯದೇ ಆಯಿತು. ಯಾರಿಗೂ ಸಂಶಯ ಬರುವುದಿಲ್ಲ.

ರೋಹಿಣಿ ಮಳೆ ಹಿಡಿದ ದಿನ ಆಕೆ ಕಾದ ಹೊತ್ತು ಬಂತು. ಮಳೆ ಬಿದ್ದರೆ ಊಟಕ್ಕೆ ಹೋದ ಲೋಹಿತ ಮತ್ತೆ ಆಫೀಸಿಗೆ ಬರುವುದಿಲ್ಲ. ಎಲ್ಲರೂ ಹೋದರು. ಕರೀಮಸಾಬ ತಲೆಯ ಮೇಲೆ ಚೀಲ ಹೊದ್ದು ಬಂದು, "ಆರೂದ್ರಾಗ ಕುಡಿ ಬೇಟಿ" ಎಂದು ಚಾ ಕೊಟ್ಟು ಹೋದ. ಆಕೆ ಹೊಸ್ತಿಲು ದಾಟಿದಳು.

ಚೌಕ ಎಳೆದು ಇಟ್ಟಳು. ಹಳೆಯ ಗೆರೆ ಅಳಿಸಿ ಹೊಸ ಗೆರೆ ಹಾಯಿಸಿದಳು. ಊರಿನ ಹೆಸರು ಬರೆದಳು. ಅಷ್ಟೇ. ಮಳೆ ಜೋರಾಯಿತು. ತಿರುಗುವ ಆ ಕುರ್ಚಿ ಬೆನ್ನಿಗೆ ಮೆತ್ತಗಿತ್ತು. ಆಕೆ ಕಿಟಕಿಯ ಕಡೆ ತಿರುಗಿ, ಒರಗಿ, ಸಾವಕಾಶ ಚಾ ಕುಡಿದಳು. ಆ ಊರಿಗೆ ಬಂದಾಗಿನಿಂದ ಅಷ್ಟು ಆರಾಮಾಗಿ ಆಕೆ ಎಲ್ಲಿಯೂ ಕೂತಿರಲಿಲ್ಲ. ಆಮೇಲೆ ವೇಲಿನಿಂದ ಕೀಲಿಮಣೆ ಒರೆಸಿದಳು. ಕುರ್ಚಿಯನ್ನು ಮೊದಲಿದ್ದಂತೆ ತಿರುಗಿಸಿದಳು. ತನ್ನ ಹೆಜ್ಜೆ ಗುರುತು ಒರೆಸುತ್ತ ಹಿಂದೆ ಹಿಂದೆ ಸರಿದು ಹೊರಬಂದಳು.

ಸಂಜೆ ಶಿಗ್ಗಾಂವಿಯ ಬೇಡಿಕೆ ಬಂತು. ಲೋಹಿತ ಒತ್ತಿದ. ಲಾರಿ ತಿಳವಳ್ಳಿಗೆ ಹೋಯಿತು.

ಮುಂಜಾನೆ ಶಿಗ್ಗಾಂವಿಯ ವ್ಯಾಪಾರಿ ಬೀಜ ಎಲ್ಲಿ ಎಂದು ಫೋನಿನಲ್ಲಿ ಎಗರಾಡಿದ. ಸಾವ್ಕಾರರು ಡ್ರೈವರನನ್ನು ಕೇಳಿದರು, ಅವನು ತಿಳವಳ್ಳಿ ಅಂದ. ಆಮೇಲೆ ಅಳಿಯನನ್ನೂ ಕೇಳದೆ ಪೊಲೀಸರಿಗೆ ಹೇಳಿ ಕಳಿಸಿದರು. ಪಿಎಸ್‌ಐ ಸುಮೇರಾ ಮೇಡಂ ಬಂದು ಲೋಹಿತನ ಖೋಲಿಯಲ್ಲಿ ನಿಂತರು. ವಿದ್ಯಾಶ್ರೀಯನ್ನು ಕರೆದರು. ಆಕೆ ಹೊಸ್ತಿಲ ಈಚೆಯೇ ನಿಂತು ಹೇಳಿದಳು: "ಈ ಚೌಕ ನಿನ್ನೆ ಸೇರಿಸಿದ್ದರಿ. ಲೋಹಿತ ಸರ್ ಹೆಸರಿನ್ಯಾಗ ಐತಿ. ಒಪ್ಪಿಗೀನೂ ಅವ್ರದರಿ."

"ಸುಳ್ಳರಿ ಮಾವಾರ. ನಾ ಓದೇ ಇಲ್ಲ ಅದನ್ನ."

"ನೀನ ಕಟ್ಟೀದಿ ಅಂದಿದ್ಯಲ್ಲೋ?" ಎಂದರು ಸಾವ್ಕಾರರು. ಮೇಡಂ ಬರೆದುಕೊಳ್ಳತೊಡಗಿದರು. ಎಲ್ಲವೂ ಆಕೆ ಎಳೆದ ಗೆರೆಯ ಮೇಲೆಯೇ ನಡೆಯುತ್ತಿತ್ತು.

ಮೂಲೆಯಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಸರೋಜವ್ವ ಕಿಟಕಿಯ ಕಡೆ ಕೈಮಾಡಿದಳು. "ಸಾವ್ಕಾರ್ರ, ಅದನ್ನ ತಗಸ್ರಿ. ಮುಂಜಾನಿ ಬಂದಾಗಿಂದ ಅಲ್ಲೇ ಐತಿ. ನಾ ಮುಟ್ಟಾಕ ಹೋಗಿಲ್ಲ."

ಕಿಟಕಿಯ ಕಟ್ಟೆಯ ಮೇಲೆ ಕಾಗದದ ಕಪ್ಪು. ಇರುವೆ ಮುತ್ತಿದ್ದವು.

ಲೋಹಿತನ ಮುಖಕ್ಕೆ ರಕ್ತ ಬಂತು. "ಆಕಿದರಿ. ಆಕಿನ ಬಂದಾಳ್ರಿ ನನ್ನ ಖೋಲಿಗೆ."

"ಕಪ್ಪು ಯಾರದರ ಇರಬಹುದಲ್ರಿ" ಎಂದರು ಮೇಡಂ.

"ಇಲ್ಲ ಮೇಡಮ್ಮಾರ" ಎಂದರು ಸಾವ್ಕಾರರು. "ಈ ಆಫೀಸಿನ್ಯಾಗ ಕಾಗದದ ಕಪ್ಪು ಆಕಿ ಒಬ್ಬಾಕಿಗಷ್ಟ."

ಮೇಡಂ ಪೆನ್ನು ನಿಲ್ಲಿಸಿದರು. "ಯಾಕ್ರಿ, ಆಕಿ ಒಬ್ಬಾಕಿಗಷ್ಟ?"

ಮೇಡಂ ಇನ್ನೊಂದು ಕೇಸಿಗೆಂದು ಹೊಸ ಹಾಳೆ ತೆಗೆದರು. ಸಾವ್ಕಾರರು ಒಮ್ಮೆ ಆ ಹಾಳೆ ನೋಡಿದರು, ಒಮ್ಮೆ ಕಪ್ಪು ನೋಡಿದರು. ಅವರ ದನಿ ಮತ್ತೆ ಮೊದಲ ದಿನದಷ್ಟೇ ಮೆತ್ತಗಾಯಿತು. "ಹೋಗ್ಲಿ ಬಿಡ್ರಿ. ಬೀಜ ಎಲ್ಲೀ ಹೋಗಿಲ್ಲ, ಬೀಗರ ಮನ್ಯಾಗ ಐತಿ. ಕೇಸು ಬ್ಯಾಡ, ಏನೂ ಬ್ಯಾಡ. ವಿದ್ಯಾ, ತಂಗಿ, ಆ ಕಪ್ಪ ಎತ್ತಿ ಹೊರಗ ಒಗದ ಬಾ."

ಕಪ್ಪು ಹೊರಗೆ ಹೋದರೆ ಆಕೆಯ ಕಳವೂ ಹೋಗುತ್ತದೆ, ಆಕೆಗೆ ಬೇರೆ ಕಪ್ಪು ಇಟ್ಟ ಇವರ ತಪ್ಪೂ ಹೋಗುತ್ತದೆ. ಆಕೆ ಕೀಲಿಮಣೆ ಒರೆಸಿದ್ದಳು, ಕುರ್ಚಿ ತಿರುಗಿಸಿದ್ದಳು, ಹೆಜ್ಜೆ ಅಳಿಸಿದ್ದಳು. ಆ ಕುರ್ಚಿಯಲ್ಲಿ ಕೂತವರು ಯಾರೂ ಕುಡಿದ ಲೋಟ ತಾವೇ ಎತ್ತುವುದಿಲ್ಲ. ಒಂದು ಗಳಿಗೆ ಅವರಂತೆ ಕೂತವಳು ಅವರಂತೆಯೇ ಎದ್ದು ಬಂದಿದ್ದಳು. ವಿದ್ಯಾಶ್ರೀ ಹೊಸ್ತಿಲು ದಾಟಿ ಒಳಗೆ ಬಂದು, ಎಲ್ಲರ ನಡುವೆ ನಿಂತಳು. "ಒಲ್ಲೆರಿ" ಎಂದಳು. "ಅದು ನಂದ. ಅಲ್ಲೇ ಇರಲಿ."