ಅವನೊಬ್ಬನಿಗೆ ಕಾಣುತ್ತಿದ್ದ ಸ್ಟೇಟಸ್

"ಈ ಫೋಟೋದಲ್ಲಿರೋ ಕಾಲು ನಿಮ್ಮದೇನಾ?"

ಮೇಜಿನ ಆಚೆ ಕುಳಿತಿದ್ದವನು ಒಂದು ಹಾಳೆಯನ್ನು ಅವಳ ಕಡೆ ಸರಿಸಿದ. ನಾಲ್ಕು ಮಹಡಿಯ ಆ ಶೂ ಮಳಿಗೆಯಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವುದು, ಕೆಲಸದಿಂದ ತೆಗೆಯುವುದು ಎರಡೂ ಅವನ ಪಾಲಿನವು. ಏಳು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಅವಳಿಗೆ ನೇಮಕದ ಪತ್ರ ಕೊಟ್ಟವನೂ ಅವನೇ.

"ನನ್ನದೇ ಸರ್."

ಊದಿಕೊಂಡ ಎರಡು ಪಾದಗಳು. ಕೆಳಗೆ ಅವಳದೇ ಸಾಲು: 'ದಿನವಿಡೀ ಊರಿನವರಿಗೆಲ್ಲ ಶೂ ತೊಡಿಸುವ ಪುಣ್ಯಾತ್ಗಿತ್ತಿಯ ಕಾಲುಗಳಿವು. ಒಂಬತ್ತು ಗಂಟೆ ನಿಂತರೂ ಕೂರಲು ಒಂದು ಸ್ಟೂಲಿಗೆ ಗತಿಯಿಲ್ಲ!'

ಮಳಿಗೆಯಲ್ಲಿ ಸ್ಟೂಲುಗಳೇನೋ ಮೂವತ್ತಿದ್ದವು, ಆದರೆ ಅವೆಲ್ಲ ಗಿರಾಕಿಗಳಿಗೆ. ಮಾರುವವರು ಕೂತರೆ ಅಂಗಡಿಗೆ ಕಳೆ ಇರುವುದಿಲ್ಲ ಎಂಬುದು ಮಾಲೀಕರ ನಂಬಿಕೆ. ಅವಳು ಫೋನಿನಲ್ಲಿ ಹಾಕಿದ್ದ ಈ ಸ್ಟೇಟಸ್ ಕಂಡು ಕೆಂಡಾಮಂಡಲವಾದ ಅವರು, ಅಂಗಡಿಯ ಮಾನ ಹೋಯಿತು, ಇವಳನ್ನು ಈಗಲೇ ಮನೆಗೆ ಕಳಿಸಿ ಎಂದಿದ್ದರು. ವಿಚಾರಣೆ ಮಾಡದೆ ಕಳಿಸುವ ಹಾಗಿಲ್ಲ ಎಂದು ಅವನು ಹೇಳಿದ್ದರಿಂದ ಈ ಮೇಜು, ಈ ಕಡತ, ಎದುರುಬದುರು ಎರಡು ಕುರ್ಚಿ.

ಈ ಕೆಲಸ ಹೋದರೆ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇರಲಿಲ್ಲ. ಇದ್ದದ್ದು ಅವಳು ಮತ್ತು ಅಮ್ಮ, ಇಬ್ಬರೇ.

"ಮಳಿಗೆಯವರಲ್ಲಿ ಯಾರ್ಯಾರಿಗೆ ಇದು ಕಾಣ್ತಿತ್ತು?"

"ಎಲ್ಲರನ್ನೂ ಹೈಡ್ ಮಾಡಿದ್ದೆ... ಒಬ್ಬರನ್ನ ಬಿಟ್ಟು."

"ಯಾರು ಅವರು?"

ಎಷ್ಟು ಅಮಾಯಕನ ಹಾಗೆ ಕೇಳ್ತಾನಲ್ಲ! ಅವಳು ಹಾಳೆಯನ್ನು ಅವನ ಕಡೆಗೇ ತಳ್ಳಿದಳು.

"ನೀವೇ ಸರ್! ಅದರ ಪ್ರತಿ ತೆಗೆದು ಮಾಲೀಕರಿಗೆ ಕೊಟ್ಟು, ಈಗ ಏನೂ ಗೊತ್ತಿಲ್ಲದವರ ಹಾಗೆ ಕೇಳ್ತಿದ್ದೀರಲ್ಲ..."

ಬರೆಯುತ್ತಿದ್ದ ಅವನ ಪೆನ್ನು ನಿಂತಿತು. ಮೆಲ್ಲಗೆ ಕೇಳಿದ.

"ನನ್ನೊಬ್ಬನನ್ನ ಯಾಕೆ ಬಿಟ್ರಿ?"

ಏನಂತ ಹೇಳುವುದು? ಹತ್ತೊಂಬತ್ತು ಮಂದಿಯನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಗುರುತು ಹಾಕಿದವಳಿಗೆ, ಅವನ ಹೆಸರು ಬಂದಾಗ ಬೆರಳು ಆಡಲಿಲ್ಲ ಎಂದೇ? ನೋಡಿದವರ ಪಟ್ಟಿಯಲ್ಲಿ ಅವನಿದ್ದಾನೆಯೇ ಎಂದು ದಿನಾ ಬೆಳಿಗ್ಗೆ ನೋಡುತ್ತೇನೆ, ಇದ್ದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ ಎಂದೇ? ಕಡತದಲ್ಲಿ ಬರೆದುಕೊಳ್ಳುವ ಮಾತೇ ಅದು!

"ಇವತ್ತಿಗೆ ಇಷ್ಟು ಸಾಕು," ಎಂದು ಅವನು ಎದ್ದುಬಿಟ್ಟ.

ಮರುದಿನ ಅವಳ ಕೈಗೊಂದು ಪತ್ರ ಬಂತು. ವಿಚಾರಣೆಯಿಂದ ಅವನು ಹಿಂದೆ ಸರಿದಿದ್ದಾನೆ, ಇನ್ನು ಮುಂದೆ ಹೊರಗಿನ ವಕೀಲೆಯೊಬ್ಬರು ನಡೆಸುತ್ತಾರೆ.

'ಸಿಕ್ಕಿಬಿದ್ದ, ಅದಕ್ಕೇ ಜಾರಿಕೊಂಡ. ಇಂಥವನನ್ನ ನೆನೆದುಕೊಂಡು ನಗ್ತಿದ್ದೆನಲ್ಲ ನಾನು...' ಆ ದಿನ ಬಸ್ಸಿನಲ್ಲಿ ಅವಳು ಅತ್ತಳು. ಕೆಲಸ ಹೋಗುತ್ತದೆಂಬ ಭಯಕ್ಕಿಂತ ಈ ನೋವೇ ಹೆಚ್ಚಾಗಿತ್ತು.

ಸಂಜೆ ವಿಷಯವೆಲ್ಲ ಕೇಳಿ ಅಮ್ಮ ಸೌಟು ಹಿಡಿದುಕೊಂಡೇ ಶಪಿಸಿದರು.

"ಯಾರೇ ಅದು, ಹೆಣ್ಮಗಳ ಅನ್ನಕ್ಕೆ ಕಲ್ಲು ಹಾಕಿದೋರು? ಅವರ ಕೈ ಸೇದಿಹೋಗ!"

ನಾಲ್ಕನೆಯ ದಿನ ಅದೇ ಕೋಣೆ. ದಪ್ಪ ಕನ್ನಡಕದ ವಕೀಲೆ ಫೋನೊಂದನ್ನು ಅವಳ ಮುಂದಿಟ್ಟರು.

"ಮಾಲೀಕರಿಗೆ ಇದು ಬಂದಿದ್ದು ಅವರ ಅತ್ತಿಗೆಯಿಂದ. ಅತ್ತಿಗೆಗೆ ಸಿಕ್ಕಿದ್ದು ಹೊಲಿಗೆ ಕ್ಲಾಸಿನ ಗ್ರೂಪಲ್ಲಿ. ಅಲ್ಲಿ ಹಾಕಿದ್ದು ಯಾರು ನೋಡಿ."

'ನನ್ ಮಗಳು ಬರ್ದಿದ್ದು, ಎಷ್ಟ್ ಚೆನ್ನಾಗಿದೆ ನೋಡ್ರೇ!' ಪಕ್ಕದಲ್ಲಿ ನಗುತ್ತಿರುವ ಅಮ್ಮನ ಮುಖ.

"ಅಯ್ಯೋ ಅಮ್ಮಾ..."

ವಕೀಲೆ ನಗು ತಡೆದುಕೊಂಡರು. "ಇದರಲ್ಲಿ ಅಂಗಡಿ ಹೆಸರಿಲ್ಲ, ಸುಳ್ಳೂ ಇಲ್ಲ. ಕಾಲು ನೋಯುತ್ತೆ ಅಂದಿದ್ದಕ್ಕೆ ಕೆಲಸದಿಂದ ತೆಗೆದ್ರೆ ನ್ಯಾಯಾಲಯದಲ್ಲಿ ನಿಲ್ಲಲ್ಲ. ಮಾಲೀಕರಿಗೆ ಹೇಳಿದೀನಿ, ಒಪ್ಪಿದಾರೆ. ಮಾರೋರಿಗೂ ಸ್ಟೂಲ್ ಹಾಕಿಸ್ತಾರಂತೆ."

ಕೆಲಸ ಉಳಿಯಿತು! ಆದರೂ ಅವಳಿಗೆ ಎದ್ದು ಹೋಗಲು ಆಗಲಿಲ್ಲ.

"ಮೇಡಂ... ಹಾಗಾದ್ರೆ ಅವರು ಯಾಕೆ ಹಿಂದೆ ಸರಿದ್ರು?"

"ಕಡತದಲ್ಲೇ ಇದೆ. ಓದೋ ಹಕ್ಕು ನಿಮಗೂ ಇದೆ."

'ಮಾನ್ಯರೇ, ಈ ನೌಕರರ ಸ್ಟೇಟಸನ್ನು ನಾನೂ ನೋಡಿದ್ದೇನೆ. ಏಳು ತಿಂಗಳಿಂದ ದಿನವೂ ನೋಡುತ್ತಿದ್ದೇನೆ. ಇವರ ಮೇಲೆ ನನಗೆ ಒಲವಿದೆ. ಇದು ಇವರಿಗೆ ತಿಳಿಯದು. ಇವರು ತಪ್ಪೇ ಮಾಡಿದ್ದರೂ ತಪ್ಪೆಂದು ಬರೆಯಲು ನನ್ನಿಂದಾಗದು. ಆದ್ದರಿಂದ ನನ್ನನ್ನು ವಿಚಾರಣೆಯಿಂದ ಬಿಡಿಸಿ, ಗೋದಾಮಿನ ಕಚೇರಿಗೆ ವರ್ಗ ಮಾಡಬೇಕಾಗಿ ವಿನಂತಿ.'

ಕೆಳಗೆ ಅವನ ಸಹಿ, ಅದರ ಕೆಳಗೆ ಮಾಲೀಕರ ಒಪ್ಪಿಗೆ, ಮೊಹರು. ಅವಳು ಎರಡು ಸಲ ಓದಿದಳು. ಮೂರನೆಯ ಸಲ ಅಕ್ಷರಗಳು ಕಣ್ಣೀರಿನಲ್ಲಿ ಕಾಣಲಿಲ್ಲ.

ಗೋದಾಮು ಮಳಿಗೆಯ ಹಿಂದೆಯೇ ಇತ್ತು. ಅವನು ಶೂ ಡಬ್ಬಗಳ ನಡುವೆ ನಿಂತು ಅಳತೆವಾರು ಎಣಿಸುತ್ತಿದ್ದ.

"ಸರ್..."

"ಇನ್ನು ಸರ್ ಅನ್ಬೇಡಿ. ನಿಮ್ಮ ಕೆಲಸ, ನಿಮ್ಮ ರಜೆ ಯಾವುದೂ ಈಗ ನನ್ನ ಕೈಲಿಲ್ಲ."

"ಸುಮ್ಸುಮ್ನೆ ನಿಮ್ಮ ಮೇಲೆ ಅಪವಾದ ಹೊರಿಸಿಬಿಟ್ಟೆ. ಕ್ಷಮಿಸಿ."

"ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಅಂದ್ಕೋತಿದ್ದೆ." ಅವನ ಕಿವಿ ಕೆಂಪಾಯಿತು. "ಆ ಪತ್ರ... ಓದಿದ್ರಾ?"

"ಓದಿದೆ. ಅದರಲ್ಲಿ ಒಂದು ಲೋಪ ಇದೆ."

"ಏನು?" ಅವನು ಗಾಬರಿಯಾದ.

"ಬರೀ ನಿಮ್ಮ ಹೇಳಿಕೆ ಇದೆ. ವಿಚಾರಣೆ ಅಂದ್ಮೇಲೆ ಇಬ್ಬರದ್ದೂ ತಗೋಬೇಕಲ್ವಾ?"

ಅರ್ಥವಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು. ಗಡಿಬಿಡಿಯಲ್ಲಿ ಜೇಬು ತಡಕಿ ಪೆನ್ನು ತೆಗೆದ.

"ಹೇಳಿ... ಬರ್ಕೊಳ್ತೀನಿ."

ಅವಳು ಆ ಪೆನ್ನನ್ನು ಅವನ ಕೈಯಿಂದ ತೆಗೆದುಕೊಂಡಳು.

"ಬರ್ಕೋಬೇಡಿ. ಸುಮ್ನೆ ಕೇಳಿಸ್ಕೊಳ್ಳಿ."