ಹಿಂದಿನ ಚಕ್ರದ ಮೇಲಿನ ಭಾರ

ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವುದು ನನ್ನ ಕೆಲಸ. ನನ್ನ ಪಿಕಪ್‌ನಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಹಿಂದೆ ಭಾರವಿಲ್ಲದಿದ್ದರೆ ಒದ್ದೆ ಏರಿನಲ್ಲಿ ಅವು ನಿಂತಲ್ಲೇ ತಿರುಗುತ್ತವೆ. ಅದಕ್ಕೇ ಮರಳು ಮೂಟೆ ಹೇರಿಕೊಳ್ಳುತ್ತೇನೆ. ಹೆಂಡತಿ ಇದ್ದಾಗ ಮೂಟೆ ಬೇಕಿರಲಿಲ್ಲ.

"ದಪ್ಪ ಅಂತ ಆಡ್ಕೋತೀರಲ್ಲ, ಈಗ ಯಾರು ಬೇಕಾಯ್ತು?" ಎಂದು ನಗುತ್ತ ಹಿಂದೆ ಹತ್ತಿ ಕೂರುತ್ತಿದ್ದಳು. ಕ್ಯಾಬಿನ್ನಿನ ಗಾಜಿಗೆ ಎರಡು ಸಲ ಕುಟ್ಟಿದರೆ ಹೊರಡಿ ಎಂದರ್ಥ.

ಅವಳು ತೀರಿಕೊಂಡ ಮರುವರ್ಷ ಒಂದು ಬೆಳಗ್ಗೆ ಫೋನ್ ಬಂತು. ಹೆರಿಗೆಯ ಸಲಕರಣೆಗಳಿದ್ದ ನರ್ಸಮ್ಮನ ವ್ಯಾನ್ ಏರಿನ ಬುಡದಲ್ಲಿ ಕೆಟ್ಟಿತ್ತು. ಮೇಲಿನ ಮನೆಯಲ್ಲೊಬ್ಬಳಿಗೆ ನೋವು ಶುರುವಾಗಿತ್ತು. ಅವಸರದಲ್ಲಿ ಮೂಟೆಗಳನ್ನು ಮರೆತೇ ಹೊರಟಿದ್ದೆ.

ಸಣ್ಣ ಮಳೆ. ವ್ಯಾನ್ ಕಟ್ಟಿ ಎಳೆದರೆ ಚಕ್ರಗಳು ಕೆಸರೆರಚಿದವೇ ಹೊರತು ಒಂದಡಿ ಮುಂದೆ ಹೋಗಲಿಲ್ಲ.

"ಆಗಲ್ವೇನಪ್ಪಾ? ಆ ಹುಡುಗಿಗೆ ಇದು ಚೊಚ್ಚಲು," ಎಂದು ನರ್ಸಮ್ಮ ವ್ಯಾನಿನಿಂದಲೇ ಕೂಗಿದರು.

ಆಗ ಪಿಕಪ್‌ನ ಹಿಂಭಾಗ ಮೆಲ್ಲಗೆ ಕುಸಿಯಿತು. ಸ್ಪ್ರಿಂಗ್ ಪಟ್ಟಿಗಳು ನರಳಿದವು. ಬೆನ್ನ ಹಿಂದಿನ ಗಾಜಿಗೆ ಎರಡು ಸಲ ಕುಟ್ಟಿದ ಸದ್ದು. ನಾನು ತಿರುಗಿ ನೋಡಲಿಲ್ಲ. "ಗಟ್ಟಿಯಾಗಿ ಹಿಡ್ಕೊಳ್ಳೇ," ಎಂದು ಅಭ್ಯಾಸಬಲದಿಂದ ಬಾಯಿಗೆ ಬಂತು. ಗಾಡಿ ಒಮ್ಮೆಯೂ ಜಾರದೆ ಏರು ಹತ್ತಿತು.

ಸ್ವಲ್ಪ ಹೊತ್ತಿಗೆ ಆ ಮನೆಯೊಳಗಿಂದ ಮಗುವಿನ ಅಳು ಕೇಳಿಸಿತು. ಆಮೇಲಷ್ಟೇ ಧೈರ್ಯ ಮಾಡಿ ಗಾಡಿಯ ಹಿಂದೆ ಹೋದೆ. ಯಾರೂ ಇರಲಿಲ್ಲ. ತಗಡೆಲ್ಲ ತೊಯ್ದು ತಣ್ಣಗಿತ್ತು. ಹಿಂದಿನ ಚಕ್ರದ ಮೇಲ್ಗಡೆ, ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು. ಮಳೆ ಬೀಳುತ್ತಲೇ ಇತ್ತು. ಅಲ್ಲಿ ಅಂಗೈ ಇಟ್ಟೆ. ಬೆಚ್ಚಗಿತ್ತು.